ಸಬ್‌ವೂಫರ್‌ಗೆ ಎರಡು ರೋಧಕ ಸಾಕೇ?

ಆಳಂದ, ಅಫಜಲಪುರ, ಜೇವರ್ಗಿ – ಕಲಬುರಗಿ ಜಿಲ್ಲೆಯ ಯಾವ ಊರಿನಲ್ಲೇ ಆಗಲಿ, ಹಳೆಯ ಸ್ಟೀರಿಯೋಗೆ ಸಬ್‌ವೂಫರ್ ಸೇರಿಸ ಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಅನೇಕ ಸ್ಟೀರಿಯೋಗಳಲ್ಲಿ ಸಂಕೇತ ಹೊರಬರುವುದು ಸ್ಪೀಕರ್ ತಂತಿಗಳಿಂದ ಮಾತ್ರ. ‘ಎರಡು ರೋಧಕ ಹಾಕಿದರಾಯಿತು’ ಎಂಬುದು ರೂಢಿಯ ಉತ್ತರ. ಅದು ಅರ್ಧ ಮಾತ್ರ ಸರಿ.

ಸರಿಯಾದ ಅರ್ಧವನ್ನು ಮೊದಲು ನೋಡೋಣ. 8 ಓಮ್ ಸ್ಪೀಕರ್‌ಗೆ 50 ವ್ಯಾಟ್ ಒದಗಬೇಕಾದರೆ 20 ವೋಲ್ಟ್ ಬೇಕು. ಸಬ್‌ವೂಫರ್‌ನ ಲೈನ್ ಪ್ರವೇಶಕ್ಕೆ ಸುಮಾರು 0.3 ವೋಲ್ಟ್ ಸಾಕು. 10,000 ಓಮ್ ಮತ್ತು 150 ಓಮ್ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ, ಚಿಕ್ಕದರ ತುದಿಗಳಿಂದ ಸಂಕೇತ ಪಡೆದರೆ ಅಷ್ಟೇ ದೊರೆಯುತ್ತದೆ. ಹರಿಯುವುದು 2 ಮಿಲಿಆಂಪಿಯರ್; ಕಾಲು ವ್ಯಾಟ್ ರೋಧಕ ತಾಳಿಕೊಳ್ಳುತ್ತದೆ. ಜಾತ್ರೆಯ ಮೈಕ್‌ಸೆಟ್ಟಿನ 100 ವೋಲ್ಟ್ ತಂತಿಗೆ ಇದನ್ನೇ ಹಾಕಿದರೆ ದೊಡ್ಡ ರೋಧಕದಲ್ಲಿ ಸುಮಾರು 1 ವ್ಯಾಟ್ ಶಾಖ ಹುಟ್ಟಿ ಅದು ಸುಟ್ಟುಹೋದೀತು.

ಬಿಟ್ಟುಹೋದ ಅರ್ಧ ಇದು: ಈ ಜೋಡಣೆ ಕಪ್ಪು ತಂತಿಯ ವಿಭವ ಶೂನ್ಯವೆಂದು ಭಾವಿಸುತ್ತದೆ. ಕಾರಿನ ಸ್ಟೀರಿಯೋಗಳಲ್ಲಿ ಸಾಮಾನ್ಯವಾದ ಬ್ರಿಡ್ಜ್ ವರ್ಧಕದಲ್ಲಿ ಎರಡೂ ತಂತಿಗಳು ಸಜೀವ. ಕಪ್ಪು ತಂತಿಯನ್ನು ಸಬ್‌ವೂಫರ್‌ನ ಭೂಸಂಪರ್ಕಕ್ಕೆ ಕೂಡಿಸಿದರೆ ವರ್ಧಕದ ಅರ್ಧಭಾಗ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅಲ್ಲಿ ಸಂಕೇತವನ್ನು ಬೇರ್ಪಡಿಸುವ ಆಡಿಯೋ ಟ್ರಾನ್ಸ್‌ಫಾರ್ಮರ್ ಬೇಕು.

ಪರೀಕ್ಷೆ ಸುಲಭ. ಸ್ಟೀರಿಯೋ ಆರಿಸಿ, ತಂತಿಗಳನ್ನೆಲ್ಲ ಕಳಚಿ, ಕಪ್ಪು ತುದಿಗೂ ಲೋಹದ ಚಾಸಿಗೂ ನಡುವಣ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಿರಿ. ಅದು ಶೂನ್ಯಕ್ಕೆ ಹತ್ತಿರವಿಲ್ಲದಿದ್ದರೆ ನೇರವಾಗಿ ಕೂಡಿಸಬೇಡಿ. ವಿಭವ ವಿಭಾಜಕದ ಪಾಠ ಸೂತ್ರದಲ್ಲೇ ಮುಗಿಯುವುದರಿಂದ ಈ ತಪ್ಪು ಉಳಿದಿದೆ. ‘ಶೂನ್ಯ ಎಲ್ಲಿದೆ?’ ಎಂದು ವಿದ್ಯಾರ್ಥಿ ಮೊದಲು ಕೇಳುವಂತಾಗಲಿ.