ಬಿಟ್ ತಪ್ಪದ ನಿಷ್ಠೆ

ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ರಸಮಂಜರಿಗಳಲ್ಲಿ 1981ರ ‘ಗೀತಾ’ ಚಿತ್ರದ ಎಸ್‌.ಪಿ. ಬಾಲಸುಬ್ರಹ್ಮಣ್ಯಂ–ಎಸ್‌. ಜಾನಕಿ ಯುಗಳಗೀತೆ ಶುರುವಾಯಿತೆಂದರೆ, ಬಾಸ್ ಗಿಟಾರ್ ನುಡಿದ ಕೂಡಲೇ ಜನ ಗುರುತು ಹಿಡಿಯುತ್ತಾರೆ. ಅರ್ಧ ಜನ ಕನ್ನಡದಲ್ಲಿ ಗುನುಗಿದರೆ ಇನ್ನರ್ಧ ಜನ ತಮಿಳಿನಲ್ಲಿ. ಇಳಯರಾಜ ಅದೇ ಧಾಟಿಯನ್ನು 1984ರ ‘ನೂರಾವದು ನಾಳ್’ಗೂ ಕೊಟ್ಟಿದ್ದರು. ಎರಡು ನುಡಿಯ ನೆನಪು ಕಾವಲು ಕೂತಿರುವಾಗ ಒಂದು ಸ್ವರ ಜಾರಿದರೂ ವಾದ್ಯಗಾರನಿಗೆ ಉಳಿಗಾಲವಿಲ್ಲ.

ಹಳೆಯ ಹಾಡನ್ನು ಇದ್ದ ಹಾಗೇ ನುಡಿಸುವುದನ್ನು ಬರೀ ನಕಲು ಎಂದು ಹೀಗಳೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. 1988ರಲ್ಲಿ ಅಡಿಲೇಡ್‌ನಲ್ಲಿ ಹುಟ್ಟಿದ ‘ಆಸ್ಟ್ರೇಲಿಯನ್ ಪಿಂಕ್ ಫ್ಲಾಯ್ಡ್’ ತಂಡ ನುಡಿಸುವುದು ಪಿಂಕ್ ಫ್ಲಾಯ್ಡಿನ ಹಾಡುಗಳನ್ನೇ. ಮೂಲ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮರ್ ಅವರ 50ನೇ ಹುಟ್ಟುಹಬ್ಬದಲ್ಲಿ ನುಡಿಸಿದ್ದೂ ಇದೇ ತಂಡ. ಅವರಿಗೆ ಒಂದು ಬ್ಯಾಂಡಿನ ನಾದ ಪಳಗಿದರೆ ಸಾಕು. ನಮ್ಮ ಕೀಬೋರ್ಡಿನವನು ಒಂದೇ ರಾತ್ರಿ ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ, ಇಳಯರಾಜ, ಹಂಸಲೇಖ ಎಲ್ಲರಿಗೂ ನ್ಯಾಯ ಸಲ್ಲಿಸಬೇಕು; ಸ್ಟುಡಿಯೋದಲ್ಲಿ ಸಾಲಾಗಿ ಕೂತು ನುಡಿಸಿದ ಪಿಟೀಲುಗಳನ್ನು ಎರಡೇ ಕೈಯಲ್ಲಿ ತರಬೇಕು.

ಹಾಡುಗಾರನಿಗಿಂತ ಬಿಟ್‌ಗಳ ಮೇಲೇ ನನ್ನ ಕಿವಿ. ಪಲ್ಲವಿ ಮುಗಿದು ಚರಣ ಹಿಡಿಯುವ ನಡುವಿನ ಆ ಕೊಳಲು, ಆ ಗಿಟಾರ್ ನುಡಿಸಿದ ಮದರಾಸಿನ ಸ್ಟುಡಿಯೋ ಕಲಾವಿದರಲ್ಲಿ ಬಹುಪಾಲು ಜನರ ಹೆಸರು ಕೇಳುಗರಿಗೆ ತಲುಪಲೇ ಇಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಅವರ ಬೆರಳಿನ ನಡೆ ಕಲಿತವನು ವೇದಿಕೆಯ ಮೇಲೆ ಅದನ್ನು ನುಡಿಸಿದಾಗ, ಅವರಿಗೆ ಸಲ್ಲಬೇಕಾದದ್ದು ಒಂದಿಷ್ಟಾದರೂ ಸಲ್ಲುತ್ತದೆ. ಬಿಟ್ ನುಂಗಿ ಚರಣಕ್ಕೆ ಹಾರುವ ತಂಡವನ್ನು ಮನ್ನಿಸುವುದು ನನಗೆ ಕಷ್ಟ. ಪೆನ್‌ಡ್ರೈವಿನ ಟ್ರ್ಯಾಕ್ ಹಾಕಿಕೊಂಡು ಹಾಡುವಲ್ಲಿ ಬಿಟ್ ತಪ್ಪುವುದಿಲ್ಲ ನಿಜ, ಆದರೆ ಅಲ್ಲಿ ನುಡಿಸುವವರೇ ಇಲ್ಲ.

ಸೋಲುವುದು ಹೆಚ್ಚಾಗಿ ರಾಜ್‌ಕುಮಾರ್ ವೇಷ ತೊಟ್ಟಾಗ. ಪಂಚೆ, ಪೇಟ, ಕೈಬೀಸು ಎಲ್ಲ ಸರಿ. ಆದರೆ 1972ರ ‘ಬಂಗಾರದ ಮನುಷ್ಯ’ದಲ್ಲಿ ಅವರಿಗೆ ಹಾಡಿದವರು ಪಿ.ಬಿ. ಶ್ರೀನಿವಾಸ್. ಜಿ.ಕೆ. ವೆಂಕಟೇಶ್ ಸಂಗೀತದ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ತಾವೇ ಹಾಡಿದ್ದು 1974ರಲ್ಲಿ. ತಮ್ಮ ಹಾಡುಗಳನ್ನು ತಾವೇ ಹಾಡುವುದು ರಾಜ್‌ಕುಮಾರ್‌ಗೆ ರೂಢಿಯಾದದ್ದು ಆಮೇಲೆ. ರಾಜ್‌ ದನಿ ರಂಗಭೂಮಿಯದು, ಕೊನೆಯ ಸಾಲಿನವರೆಗೂ ಎದೆಯಿಂದ ಹೊಮ್ಮುವಂಥದ್ದು. ಶ್ರೀನಿವಾಸ್ ದನಿ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳುವಂಥದ್ದು. ಶ್ರೀನಿವಾಸ್ ಹಾಡಿಗೆ ರಾಜ್ ದನಿ ಹಚ್ಚಿದರೆ ಮುಖಕ್ಕೆ ನಿಷ್ಠೆ ಉಳಿಯಿತು, ಹಾಡಿಗೆ ಉಳಿಯಲಿಲ್ಲ.

ಇನ್ನು ಮಾತಿನ ಸ್ಪಷ್ಟತೆ. ಈ ಭಾಗದ ಎಷ್ಟೋ ಗಾಯಕರು ಓದಿದ್ದು ತಮಿಳಿನಲ್ಲಿ. ಕನ್ನಡ ಹಾಡನ್ನೂ ಆ ಲಿಪಿಯಲ್ಲೇ ಬರೆದುಕೊಳ್ಳುತ್ತಾರೆ. ತ, ಥ, ದ, ಧ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರ. ಹಾಗಾಗಿ ‘ಗಂಧ’ ಎಷ್ಟೋ ಬಾರಿ ‘ಗಂದ’ವಾಗುತ್ತದೆ. ಒಬ್ಬರ ನೋಟ್‌ಬುಕ್ ನೋಡಿದ್ದೇನೆ: ತಮಿಳಿನ ಕೃತಿ ಪುಸ್ತಕಗಳಲ್ಲಿರುವಂತೆ ಅಕ್ಷರದ ನೆತ್ತಿಯ ಮೇಲೆ ಪುಟ್ಟದಾಗಿ 2, 3, 4 ಅಂಕಿಗಳು, ಸಾಲುಸಾಲಿಗೂ. ಪುಟದ ಅಂಚು ಬೆವರಿಗೆ ಮೆತ್ತಗಾಗಿತ್ತು. ಆ ರಾತ್ರಿ ಅವರು ಹಾಡಿದಾಗ ಧಕಾರ ಧಕಾರವಾಗಿಯೇ ಕೇಳಿಸಿತು.