ಇಆರ್‌ಪಿ ಆಯ್ಕೆ: ಅಂಕಪಟ್ಟಿ ಹೇಳದ ಲೆಕ್ಕ

ಖರೀದಿ, ದಾಸ್ತಾನು, ತಯಾರಿಕೆ, ಮಾರಾಟ, ಸಂಬಳ, ತೆರಿಗೆ - ಒಂದು ಉದ್ಯಮದ ಈ ಎಲ್ಲ ಲೆಕ್ಕಗಳನ್ನು ಒಂದೇ ದತ್ತಸಂಚಯದಲ್ಲಿ ಇಟ್ಟು ನಿರ್ವಹಿಸುವ ತಂತ್ರಾಂಶಕ್ಕೆ ‘ಉದ್ಯಮ ಸಂಪನ್ಮೂಲ ಯೋಜನೆ’ ಎಂದು ಹೆಸರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಇದನ್ನು ಇಆರ್‌ಪಿ ಎನ್ನುತ್ತಾರೆ. ಒಂದು ಕಾಲದಲ್ಲಿ ದೊಡ್ಡ ಕಾರ್ಖಾನೆಗಳಿಗಷ್ಟೇ ಎಟುಕುತ್ತಿದ್ದ ಈ ತಂತ್ರಾಂಶ ಈಗ ತಾಲ್ಲೂಕು ಮಟ್ಟದ ಉದ್ಯಮಗಳ ಬಾಗಿಲಿಗೂ ಬಂದಿದೆ. ಹಲವು ತಂತ್ರಾಂಶಗಳ ಪೈಕಿ ಯಾವುದನ್ನು ಆರಿಸಬೇಕು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಹೋಲಿಕೆ ಪಟ್ಟಿ. ಎಡಗಡೆ ಸೌಲಭ್ಯಗಳು, ಮೇಲುಗಡೆ ತಂತ್ರಾಂಶಗಳ ಹೆಸರು, ನಡುವಿನ ಮನೆಗಳಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ. ಅಂಕವನ್ನು ಆಯಾ ಸೌಲಭ್ಯದ ತೂಕದಿಂದ ಗುಣಿಸಿ ಕೂಡಿದರೆ ಗೆದ್ದವರು ಯಾರೆಂದು ತಿಳಿಯುತ್ತದಂತೆ. ಅಂಕಿಗಳಿರುವುದರಿಂದ ಇದು ವೈಜ್ಞಾನಿಕ ವಿಧಾನದಂತೆ ಕಾಣುತ್ತದೆ. ಆದರೆ ಅಂಕಿಗಳಿದ್ದ ಮಾತ್ರಕ್ಕೆ ಅಳತೆಯಾಯಿತೆಂದು ಅರ್ಥವಲ್ಲ. ಹೇಗೆಂಬುದನ್ನು ನೋಡೋಣ.

ಪಟ್ಟಿಯ ದೌರ್ಬಲ್ಯ

ಅ ಮತ್ತು ಬ ಎಂಬ ಎರಡು ತಂತ್ರಾಂಶಗಳಿವೆ ಎನ್ನಿ. ಲೆಕ್ಕಪತ್ರ, ದಾಸ್ತಾನು, ಬೆಲೆ ಎಂಬ ಮೂರು ಅಂಶಗಳಲ್ಲಿ ಅ ಪಡೆದ ಅಂಕಗಳು 9, 6, 6. ಬ ಪಡೆದವು 7, 8, 6. ಲೆಕ್ಕಪತ್ರಕ್ಕೆ 0.4, ಉಳಿದೆರಡಕ್ಕೆ ತಲಾ 0.3 ತೂಕ ಕೊಟ್ಟರೆ ಅ 7.2, ಬ 7.0 ಗಳಿಸುತ್ತವೆ. ಅ ಗೆದ್ದಿತು. ಈಗ ದಾಸ್ತಾನಿಗೆ 0.4, ಉಳಿದೆರಡಕ್ಕೆ ತಲಾ 0.3 ಕೊಡಿ. ಅ 6.9ಕ್ಕೆ ಇಳಿಯುತ್ತದೆ, ಬ 7.1ಕ್ಕೆ ಏರುತ್ತದೆ. ತಂತ್ರಾಂಶಗಳಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ತೂಕ ಕೊಟ್ಟವರ ಅಭಿಪ್ರಾಯ ಮಾತ್ರ. ಪ್ರಯೋಗಶಾಲೆಯಲ್ಲಿ ಉಪಕರಣದ ದೋಷಕ್ಕಿಂತ ಚಿಕ್ಕದಾದ ವ್ಯತ್ಯಾಸವನ್ನು ಫಲಿತಾಂಶವೆಂದು ಬರೆದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವಲ್ಲವೇ?

ಎರಡನೆಯ ದೋಷ ಇನ್ನೂ ಗಂಭೀರ. ಕೂಡುವ ವಿಧಾನದಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ತುಂಬುತ್ತದೆ. ಉದ್ಯಮದಲ್ಲಿ ಹಾಗಾಗುವುದಿಲ್ಲ. ಖರೀದಿ, ತಯಾರಿಕೆ, ಮಾರಾಟಗಳು ಸರಣಿಯಲ್ಲಿ ಜೋಡಿಸಿದ ವಿದ್ಯುತ್ ಮಂಡಲದಂತೆ. ಒಂದು ಕಡೆ ತಂತಿ ಕಡಿದರೆ ಉಳಿದೆಡೆ ತಂತಿ ಎಷ್ಟು ದಪ್ಪವಾಗಿದ್ದರೂ ದೀಪ ಹತ್ತುವುದಿಲ್ಲ.

ಹುಟ್ಟುಗುಣ

ತಂತ್ರಾಂಶಗಳಿಗೂ ಹುಟ್ಟುಗುಣವಿದೆ. 1960ರ ದಶಕದಲ್ಲಿ ಅಮೆರಿಕದ ಜೋಸೆಫ್ ಆರ್ಲಿಕಿ ರೂಪಿಸಿದ ‘ಸಾಮಗ್ರಿ ಅಗತ್ಯ ಯೋಜನೆ’ ಇಆರ್‌ಪಿಯ ಮೂಲ. ಒಂದು ಯಂತ್ರ ತಯಾರಾಗಲು ಯಾವ ಬಿಡಿಭಾಗ, ಎಷ್ಟು, ಎಂದು ಬೇಕು ಎಂಬ ಲೆಕ್ಕ ಅದು. ಅಂದರೆ ಹಲವು ವಸ್ತುಗಳು ಸೇರಿ ಒಂದಾಗುವ ಕಾರ್ಖಾನೆಯ ಚಿತ್ರ. 1972ರಲ್ಲಿ ಐಬಿಎಂ ಬಿಟ್ಟ ಐವರು ಜರ್ಮನಿಯಲ್ಲಿ ಆರಂಭಿಸಿದ ಸ್ಯಾಪ್ ಬೆಳೆದದ್ದು ದೊಡ್ಡ ಉದ್ಯಮಗಳ ನೆರಳಿನಲ್ಲಿ. 1986ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಟ್ಯಾಲಿ ಹುಟ್ಟಿದ್ದು ವ್ಯಾಪಾರಿಯ ಖಾತೆ ಪುಸ್ತಕದಿಂದ. ಬೆಲ್ಜಿಯಂನ ಓಡೂ, ಮುಂಬಯಿಯ ಇಆರ್‌ಪಿನೆಕ್ಸ್ಟ್ ಮುಕ್ತ ಆಕರದ ಹಾದಿಯಲ್ಲಿ ಬಂದವು. ಇವುಗಳಲ್ಲಿ ಮೇಲು ಕೀಳು ಹುಡುಕುವುದಕ್ಕಿಂತ, ನಮ್ಮ ಕೆಲಸದ ಚಿತ್ರ ಯಾವುದರ ಚಿತ್ರಕ್ಕೆ ಹೊಂದುತ್ತದೆ ಎಂದು ಕೇಳುವುದು ಸರಿಯಾದ ಕ್ರಮ.

ಒಂದು ದಾಲ್‌ಮಿಲ್ಲಿನ ಲೆಕ್ಕ

ನಮ್ಮ ಕಲ್ಯಾಣ ಕರ್ನಾಟಕ ತೊಗರಿಯ ನಾಡು. ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿ ಒಂದು ದಾಲ್‌ಮಿಲ್ ಇದೆ ಎಂದು ಊಹಿಸಿಕೊಳ್ಳಿ. ಇಲ್ಲಿ ನಡೆಯುವುದು ಆರ್ಲಿಕಿಯ ಚಿತ್ರಕ್ಕೆ ತಿರುವುಮುರುವು: ಒಂದು ವಸ್ತು ಒಳಗೆ ಹೋಗಿ ಹಲವಾಗಿ ಹೊರಬರುತ್ತದೆ. 100 ಕ್ವಿಂಟಲ್ ತೊಗರಿಯಿಂದ ಬೇಳೆ 74, ನುಚ್ಚು 6, ಹೊಟ್ಟು ಮತ್ತು ಪುಡಿ 17 ಕ್ವಿಂಟಲ್ ಬಂದವೆನ್ನಿ. ಉಳಿದ 3 ಕ್ವಿಂಟಲ್ ತೇವಾಂಶ ಮತ್ತು ದೂಳಾಗಿ ಹೋಯಿತು. ರಾಶಿ ಸಂರಕ್ಷಣೆಯ ನಿಯಮ ಇಲ್ಲೂ ಅನ್ವಯಿಸುತ್ತದೆ: ಒಳಬಂದದ್ದು 100 ಆದರೆ ಹೊರಹೋದದ್ದರ ಮೊತ್ತವೂ 100 ಆಗಲೇಬೇಕು. ಆ 3 ಕ್ವಿಂಟಲನ್ನು ಬರೆಯಲು ಜಾಗವೇ ಇಲ್ಲದ ತಂತ್ರಾಂಶದಲ್ಲಿ, ಗೋದಾಮಿನಲ್ಲಿ ಇಲ್ಲದ ಮಾಲು ಪರದೆಯ ಮೇಲೆ ಉಳಿದುಬಿಡುತ್ತದೆ.

ಈಗ ಹಣದ ಲೆಕ್ಕ. ಸುಲಭಕ್ಕಾಗಿ ಊಹೆಯ ದರಗಳನ್ನೇ ಇಟ್ಟುಕೊಳ್ಳೋಣ. ತೊಗರಿ ಕ್ವಿಂಟಲಿಗೆ 8,000 ರೂಪಾಯಿ. ಒಟ್ಟು ಖರೀದಿ 8 ಲಕ್ಷ. ಮಾರುಕಟ್ಟೆಯಲ್ಲಿ ಕ್ವಿಂಟಲ್ ಬೇಳೆಗೆ 11,000, ನುಚ್ಚಿಗೆ 5,000, ಹೊಟ್ಟು-ಪುಡಿಗೆ 2,000. ತಂತ್ರಾಂಶವು 8 ಲಕ್ಷವನ್ನು ಬರೀ ತೂಕದ ಮೇಲೆ 97 ಕ್ವಿಂಟಲಿಗೆ ಹಂಚಿದರೆ ಬೇಳೆಯ ಅಸಲು ಕ್ವಿಂಟಲಿಗೆ ಸುಮಾರು 8,247 ರೂಪಾಯಿ. ಹೊಟ್ಟಿನ ಅಸಲೂ ಅಷ್ಟೇ! ಮಾರಾಟ ಮೌಲ್ಯಕ್ಕೆ ತಕ್ಕಂತೆ ಹಂಚಿದರೆ ಬೇಳೆಯ ಅಸಲು ಸುಮಾರು 10,023 ರೂಪಾಯಿ.

ಈ ವ್ಯತ್ಯಾಸ ಬರೀ ಕಾಗದದ ಮೇಲಿನದಲ್ಲ. ಮೊದಲ ಅಂಕಿಯನ್ನು ನಂಬಿದ ಮಾಲೀಕ, ಗಿರಾಕಿಯನ್ನು ಉಳಿಸಿಕೊಳ್ಳಲು 9,500ಕ್ಕೆ ಬೇಳೆ ಕೊಡುತ್ತಾನೆ ಎನ್ನಿ. ಕ್ವಿಂಟಲಿಗೆ 1,253 ರೂಪಾಯಿ ಲಾಭವೆಂದು ಪರದೆ ತೋರಿಸುತ್ತದೆ. ನಿಜವಾಗಿ ಕೈಗೆ ಬರುವುದು ಬೇಳೆಯಿಂದ 7,03,000, ಉಳಿದವುಗಳಿಂದ 64,000, ಒಟ್ಟು 7,67,000 ರೂಪಾಯಿ. ಕೂಲಿ, ವಿದ್ಯುತ್ ಸೇರಿಸದೆಯೇ 33,000 ರೂಪಾಯಿ ನಷ್ಟ! ಹೋಲಿಕೆ ಪಟ್ಟಿಯಲ್ಲಿ ‘ಉಪ-ಉತ್ಪನ್ನ ಸೌಲಭ್ಯ: ಇದೆ’ ಎಂದು ಬರೆದಿರುತ್ತದೆ. ವೆಚ್ಚವನ್ನು ಯಾವ ಆಧಾರದ ಮೇಲೆ ಹಂಚುತ್ತದೆ, ಆ ಆಧಾರವನ್ನು ಬಳಕೆದಾರ ಬದಲಾಯಿಸಬಹುದೇ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಬದಲಾಗುವ ನಿಯಮ, ತಪ್ಪುವ ಕಾಲ

ತೆರಿಗೆಯ ಮಾತೂ ಹೀಗೆಯೇ. 2022ರ ಜುಲೈ 18ರಂದು ಜಾರಿಗೆ ಬಂದ ಬದಲಾವಣೆಯಂತೆ, 25 ಕಿಲೋವರೆಗಿನ ಮುದ್ರಿತ ಚೀಟಿಯುಳ್ಳ ಪೊಟ್ಟಣದ ಬೇಳೆಗೆ ಶೇಕಡ 5 ಜಿಎಸ್‌ಟಿ ಬಿತ್ತು. ಸಡಿಲವಾಗಿ ಮಾರುವ ಬೇಳೆಗೆ ಇಲ್ಲ. ಬೇಳೆ ಒಂದೇ, ಕಟ್ಟುವ ಬಗೆಯಿಂದ ತೆರಿಗೆ ಬೇರೆ. ಇಂಥ ನಿಯಮ ಬಂದಾಗ ತಂತ್ರಾಂಶವನ್ನು ತಿದ್ದುವವರು ಯಾರು, ಎಷ್ಟು ದಿನದಲ್ಲಿ, ಎಷ್ಟು ಹಣಕ್ಕೆ? ಹುಮನಾಬಾದಿನಲ್ಲೋ ಕಲಬುರಗಿಯಲ್ಲೋ ಕರೆದರೆ ಬರುವವರಿದ್ದಾರೆಯೇ? ಮುಕ್ತ ಆಕರದ ತಂತ್ರಾಂಶಕ್ಕೆ ಪರವಾನಗಿ ಶುಲ್ಕ ಇಲ್ಲದಿರಬಹುದು. ತಿಳಿದವರ ದುಡಿಮೆ ಮಾತ್ರ ಉಚಿತವಲ್ಲ. ಆದ್ದರಿಂದ ಖರೀದಿಯ ದಿನದ ಬೆಲೆಯನ್ನಲ್ಲ, ಐದು ವರ್ಷದ ಒಟ್ಟು ಖರ್ಚನ್ನು ಹೋಲಿಸಬೇಕು.

ಕಾಲದ ಆಯ್ಕೆಯೂ ಮುಖ್ಯ. ಅಮೆರಿಕದ ಹರ್ಷೀಸ್ ಮಿಠಾಯಿ ಕಂಪನಿ 48 ತಿಂಗಳು ಬೇಕೆನಿಸಿದ್ದ ಕೆಲಸವನ್ನು 30 ತಿಂಗಳಿಗೆ ಇಳಿಸಿ, 1999ರ ಜುಲೈನಲ್ಲಿ, ಹಬ್ಬದ ಮಾರಾಟದ ಹೊಸ್ತಿಲಲ್ಲಿ, ಹೊಸ ವ್ಯವಸ್ಥೆಯನ್ನು ಚಾಲೂ ಮಾಡಿತು. ಗೋದಾಮಿನಲ್ಲಿ ಮಾಲು ಇದ್ದರೂ ಸುಮಾರು 10 ಕೋಟಿ ಡಾಲರ್ ಮೌಲ್ಯದ ಬೇಡಿಕೆ ಪೂರೈಸಲಾಗಲಿಲ್ಲ. ದೊಡ್ಡ ಕಂಪನಿ ಅದನ್ನು ತಡೆದುಕೊಂಡಿತು. ಹೊಸ ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರ್-ಜನವರಿಯಲ್ಲಿ ಹಳೆಯ ಪುಸ್ತಕ ಮುಚ್ಚಿ ಹೊಸ ಪರದೆ ತೆರೆಯುವ ನಮ್ಮ ಸಣ್ಣ ಮಿಲ್ ತಡೆದುಕೊಂಡೀತೇ?

ಹಾಗಾದರೆ ಏನು ಮಾಡಬೇಕು?

ಪಟ್ಟಿಯನ್ನು ಬದಿಗಿಟ್ಟು ಪ್ರಯೋಗ ಮಾಡಬೇಕು. ನಿಮ್ಮ ಉದ್ಯಮದ ಕಳೆದ ಒಂದು ತಿಂಗಳ ಚೀಟಿಗಳನ್ನು ತೆಗೆದುಕೊಳ್ಳಿ. ಸುಲಭದವಷ್ಟೇ ಬೇಡ: ವಾಪಸು ಬಂದ ಮಾಲು, ತೂಕದಲ್ಲಿ ಕಡಿಮೆ ಬಿದ್ದ ಚೀಲ, ಅಡತಿಯ ಕಮಿಷನ್, ಮುಂಗಡ ಕೊಟ್ಟ ಹಣ ಎಲ್ಲವೂ ಇರಲಿ. ಪ್ರತಿ ತಂತ್ರಾಂಶದಲ್ಲೂ ಅವನ್ನು ನಮೂದಿಸಿ. ನಮೂದಿಸುವವರು ಮಾರಾಟ ಪ್ರತಿನಿಧಿಯಲ್ಲ, ದಿನವೂ ಆ ಕೆಲಸ ಮಾಡುವ ನಿಮ್ಮ ಗುಮಾಸ್ತರೇ ಆಗಿರಬೇಕು. ತಿಂಗಳ ಕೊನೆಯ ದಾಸ್ತಾನು ಗೋದಾಮಿನ ಎಣಿಕೆಗೆ ತಾಳೆಯಾಗುತ್ತದೆಯೇ ನೋಡಿ. ಕೊನೆಗೆ ಎಲ್ಲ ದತ್ತಾಂಶವನ್ನು ಹೊರತೆಗೆದು ಬೇರೆ ಕಡೆ ತೆರೆಯಿರಿ. ಒಳಗೆ ಹೋಗುವ ಬಾಗಿಲನ್ನು ಎಲ್ಲರೂ ತೋರಿಸುತ್ತಾರೆ. ಹೊರಬರುವ ಬಾಗಿಲನ್ನು ನಾವೇ ಕೇಳಿ ನೋಡಬೇಕು. ಈ ಪರೀಕ್ಷೆಗಳಲ್ಲಿ ಒಂದರಲ್ಲಿ ಸೋತರೂ ಆ ತಂತ್ರಾಂಶ ನಿಮಗೆ ಬೇಡ. ಉಳಿದವುಗಳ ನಡುವೆ ಮಾತ್ರ ಬೆಲೆಯ ಹೋಲಿಕೆಗೆ ಅರ್ಥವಿದೆ. ಯಾವುದೂ ಉಳಿಯದಿದ್ದರೆ, ಸರಿಯಾಗಿ ಬರೆದ ಹಳೆಯ ಖಾತೆ ಪುಸ್ತಕವೇ ಸದ್ಯಕ್ಕೆ ಲೇಸು.

ಅಧ್ಯಾಪಕರಲ್ಲಿ ಒಂದು ಸಲಹೆ. ನಿಮ್ಮ ಊರಿನ ಹಿಟ್ಟಿನ ಗಿರಣಿ, ಎಣ್ಣೆ ಗಾಣ ಅಥವಾ ದಾಲ್‌ಮಿಲ್ಲಿಗೆ ವಿದ್ಯಾರ್ಥಿಗಳನ್ನು ಕಳುಹಿಸಿ, ಒಂದು ದಿನದ ಒಳಹರಿವು-ಹೊರಹರಿವುಗಳನ್ನು ತೂಗಿ ಬರೆಸಿ. ಎರಡೂ ಕಡೆಯ ಮೊತ್ತ ಸಮವಾಗಲು ಏನು ಬಿಟ್ಟುಹೋಗಿದೆ ಎಂದು ಹುಡುಕಲಿ. ಆ ಒಂದು ಹಾಳೆಯ ಲೆಕ್ಕ ಗಿರಣಿಯವರಿಗೂ ಉಪಯೋಗಕ್ಕೆ ಬರುತ್ತದೆ. ಯಾವ ತಂತ್ರಾಂಶ ಬಂದರೂ ಅವರು ಮೊದಲು ಕೇಳಬೇಕಾದ ಪ್ರಶ್ನೆಗಳು ಅದರಲ್ಲಿರುತ್ತವೆ.