ಆಟದ ತಂತ್ರ ಮತ್ತು ಕೂಟಸಾಕ್ಷ್ಯ

ಎದುರಾಳಿಯ ಕಾಲು ತಗುಲದಿದ್ದರೂ ತಗುಲಿದಂತೆ ನೆಲಕ್ಕುರುಳಿ ರೆಫರಿಯಿಂದ ಫ್ರೀ ಕಿಕ್ ಪಡೆಯುವ ಕಾಲ್ಚೆಂಡಾಟಗಾರನನ್ನು ಚತುರನೆಂದು ಮೆಚ್ಚುವವರುಂಟು. ಆಟವೆಲ್ಲವೂ ಕಪಟವಾಗಿರುವಾಗ ಇದೊಂದನ್ನೇ ಹಳಿಯುವುದೇಕೆಂಬುದು ಅವರ ವಾದ. ವಂಚನೆಗೊಳಗಾಗುವವನು ಯಾರೆಂಬ ಪ್ರಶ್ನೆಯನ್ನು ಈ ವಾದವು ಕೇಳಿಯೇ ಇಲ್ಲ.

2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಐ.ಎಸ್.ಎಲ್. ಪಂದ್ಯವನ್ನು ನೋಡಬಹುದು. ಕೇರಳ ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟಿ ನಿಲ್ಲುವ ಮೊದಲೇ, 96ನೆಯ ನಿಮಿಷದಲ್ಲಿ, ಬೆಂಗಳೂರು ತಂಡದ ಸುನಿಲ್ ಛೇತ್ರಿಯವರು ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಕಣವನ್ನು ತೊರೆಯಿತು; ಗೆಲುವು ಬೆಂಗಳೂರಿಗೆ ಸಂದಿತು; ಹೊರನಡೆದವರಿಗೆ 4 ಕೋಟಿ ರೂಪಾಯಿ ದಂಡ ಬಿದ್ದಿತು. ಛೇತ್ರಿಯವರದು ಔದಾರ್ಯದ ನಡೆಯೆಂದು ಯಾರೂ ಹೇಳಲಾರರು. ಆದರೆ ಅಲ್ಲಿ ಮೈಮರೆತವರು ಎದುರಾಳಿಗಳು. ಎಚ್ಚರವಾಗಿರುವುದು ಅವರ ಹೊಣೆ.

ಸುಳ್ಳು ಬೀಳುವವನ ಕೃತ್ಯ ಬೇರೆ ಜಾತಿಯದು. ಕಾಲ್ಚೆಂಡಾಟದ 12ನೆಯ ನಿಯಮ ಅದಕ್ಕೆ ಹಳದಿ ಕಾರ್ಡಿನ ಎಚ್ಚರಿಕೆಯನ್ನು ವಿಧಿಸಿದೆ. ಚರಿತ್ರೆಯ ವಿದ್ಯಾರ್ಥಿಗೆ ಇದು ಪರಿಚಿತವಾದ ಅಪರಾಧವೇ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು. ರೈಸರು ಅವುಗಳ ಪರವಾಗಿ ನಿಂತರು. ಆ ವಿವಾದವೇನೇ ಇರಲಿ, ಕೂಟಶಾಸನವನ್ನು ಬರೆಸಿದವನು ತೀರ್ಪು ಕೊಡುವವನ ಕಣ್ಣನ್ನೇ ತನ್ನ ಆಯುಧವಾಗಿ ಮಾಡಿಕೊಳ್ಳುತ್ತಾನೆ. ಇನ್ನೂ ತೊಡಕಿನವು, ದಾನ ನಿಜವಾಗಿದ್ದು ಭೂಮಿಯ ಎಲ್ಲೆಯನ್ನು ಮಾತ್ರ ಹಿಗ್ಗಿಸಿ ಬರೆದ ಶಾಸನಗಳು. ತುಸು ತಗುಲಿದ್ದಕ್ಕೆ ಮೂರು ಸುತ್ತು ಉರುಳುವ ಆಟಗಾರನೂ ಹಾಗೆಯೇ. ಸ್ಪರ್ಶ ನಿಜ, ಬೀಳುವಿಕೆ ಸುಳ್ಳು.

ಇಲ್ಲಿ ರೆಫರಿಗಳೂ ನಿರ್ದೋಷಿಗಳಲ್ಲ. ಒದೆ ತಿಂದೂ ಬೀಳದೆ ಓಡುವವನಿಗೆ ಅನೇಕ ವೇಳೆ ನ್ಯಾಯ ದೊರೆಯದು; ಆದುದರಿಂದ ಪ್ರಾಮಾಣಿಕನೂ ಬೀಳುವುದನ್ನು ಕಲಿಯುತ್ತಾನೆ. ಮತ್ತಿಕೆರೆಯ ಬಯಲಿನಲ್ಲಿ ನಿರ್ಣಾಯಕನಿಲ್ಲದೆ ಆಡುವ ಹುಡುಗರಲ್ಲಿ ಈ ವಿದ್ಯೆ ಕಡಿಮೆ. ಬಿದ್ದು ತೋರಿಸುವುದಾದರೂ ಯಾರಿಗೆ?

ಇದಕ್ಕೆ ವಿರುದ್ಧವಾದ ನಿದರ್ಶನವೂ ಕನ್ನಡಿಗರೊಬ್ಬರದೇ. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯದಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪಿತ್ತ ಮೇಲೂ, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಅರಿತ ನಾಯಕ ಜಿ.ಆರ್. ವಿಶ್ವನಾಥ್ ಅವರನ್ನು ಮರಳಿ ಕರೆಸಿದರು. ಇದನ್ನು ಕೇವಲ ಸೌಜನ್ಯವೆಂದು ಹೊಗಳುವುದು ವಾಡಿಕೆ. ನನ್ನ ಮತದಲ್ಲಿ ಅದು ಸಾಕ್ಷ್ಯವನ್ನು ತಿದ್ದಿದ ಕಾರ್ಯ. ಟೇಲರ್ 43 ರನ್ ಗಳಿಸಿದರು, ಬಾಥಮರೊಡನೆ ಅವರ ಜೊತೆಯಾಟ 171 ರನ್ನಿಗೆ ಬೆಳೆಯಿತು, ಭಾರತ 10 ವಿಕೆಟ್‌ಗಳಿಂದ ಸೋತಿತು.